ನರದ ತೊಂದರೆ ಶುರುವಾದ ದಿನವೇ, ಅರ್ಜಿ ತಲುಪಿದ ದಿನವೇ?

ಅಮೆರಿಕದ ಸೇನೆಯಲ್ಲಿದ್ದು ಹೊರಬಂದವರಿಗೆ, ಸೇವೆಯ ಕಾರಣದಿಂದ ಉಂಟಾದ ಅಂಗವೈಕಲ್ಯಕ್ಕಾಗಿ ಆ ದೇಶದ ವೆಟರನ್ಸ್ ಅಫೇರ್ಸ್ ಇಲಾಖೆ ಪ್ರತಿ ತಿಂಗಳೂ ಪರಿಹಾರ ಕೊಡುತ್ತದೆ. ಎಲ್ಲರೂ ಆ ಇಲಾಖೆಯನ್ನು ವಿಎ ಎಂದೇ ಕರೆಯುತ್ತಾರೆ. ಅಂಗವೈಕಲ್ಯ ಎಷ್ಟು ತೀವ್ರ ಎಂಬುದನ್ನು ಇಲಾಖೆ ಶೇಕಡಾ ಲೆಕ್ಕದಲ್ಲಿ ಹೇಳುವುದಕ್ಕೆ ರೇಟಿಂಗ್ ಎನ್ನುತ್ತಾರೆ. ಪರಿಹಾರ ಯಾವ ದಿನದಿಂದ ಲೆಕ್ಕಕ್ಕೆ ಬರುತ್ತದೆಯೋ ಆ ದಿನಕ್ಕೆ ಎಫೆಕ್ಟಿವ್ ಡೇಟ್ ಎಂಬ ಹೆಸರಿದೆ. ಇಲ್ಲಿ ಅದನ್ನು ಜಾರಿ ದಿನಾಂಕ ಎಂದಿದ್ದೇವೆ. ಅಮೆರಿಕದ ಕನ್ನಡ ಕುಟುಂಬಗಳಿಂದಲೂ ಊರಿನಲ್ಲಿರುವ ತಂದೆತಾಯಿಗಳಿಂದಲೂ ಈ ಬಗ್ಗೆ ಪತ್ರಗಳು ಬಂದಿವೆ. ಬಹುತೇಕ ಎಲ್ಲವೂ ನರಕ್ಕೆ ಆದ ಹಾನಿಯನ್ನು ಕುರಿತವು. ಅದು ಆಕಸ್ಮಿಕವಲ್ಲ. ಮುರಿದ ಮೂಳೆಗೆ ಒಂದು ತಾರೀಖು ಇರುತ್ತದೆ. ನರ ಹಾಗಲ್ಲ, ಅದು ವರ್ಷಗಟ್ಟಲೆ ಜೋಮು ಹಿಡಿದು, ಉರಿದು, ಕೊನೆಗೆ ಒಂದು ದಿನ ಪರೀಕ್ಷೆಯ ಕಾಗದದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ದಿನಾಂಕದ ಜಗಳ ಇಲ್ಲಿ ಹೆಚ್ಚು.

ಪ್ರಶ್ನೆ: ನಮ್ಮ ಯಜಮಾನರು 2016ರಲ್ಲಿ ಅಮೆರಿಕದ ಸೇನೆಯಿಂದ ಬಿಡುಗಡೆಯಾದರು. ಸೊಂಟದ ಡಿಸ್ಕ್ ತೊಂದರೆಗೆ ಆಗಲೇ ಶೇಕಡಾ 20ರ ರೇಟಿಂಗ್ ಸಿಕ್ಕಿತ್ತು. 2019ರಿಂದ ಎಡಗಾಲು ಜೋಮು ಹಿಡಿಯುತ್ತಿದೆ ಎಂದು ವಿಎ ಆಸ್ಪತ್ರೆಯಲ್ಲಿ ಹೇಳುತ್ತಲೇ ಬಂದರು. 2021ರಲ್ಲಿ ಸೊಂಟದ ರೇಟಿಂಗ್ ಹೆಚ್ಚಿಸಿ ಎಂದು ಕೇಳಿದಾಗ ನಿರಾಕರಿಸಿದರು. 2024ರ ಮಾರ್ಚಿನಲ್ಲಿ ನರದ ಪರೀಕ್ಷೆ ಮಾಡಿಸಿ, ಜೂನ್‌ನಲ್ಲಿ ಕಾಲಿನ ನರಕ್ಕಾಗಿ ಅರ್ಜಿ ಹಾಕಿದೆವು. ಶೇಕಡಾ 20 ಕೊಟ್ಟಿದ್ದಾರೆ, ಆದರೆ 2024ರ ಜೂನ್‌ನಿಂದ ಮಾತ್ರ. ಆದೇಶ ಕೈಸೇರಿ ಏಳು ತಿಂಗಳಾದಾಗ ಈ ಪತ್ರ ಬರೆಯುತ್ತಿದ್ದೇನೆ. ಐದು ವರ್ಷದ ಬಾಕಿ ಹಣ ಸಿಗುವುದಿಲ್ಲವೇ? – ಗೃಹಿಣಿ, ಟೆಕ್ಸಾಸ್

ಉತ್ತರ: ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಮಾತು ಕೊನೆಯಲ್ಲಿದೆ: ಆದೇಶ ಬಂದು ಏಳು ತಿಂಗಳಾಗಿವೆ. ಅಂದರೆ ಅದನ್ನು ಪ್ರಶ್ನಿಸಲು ಇರುವ ಒಂದು ವರ್ಷದಲ್ಲಿ ಐದು ತಿಂಗಳಷ್ಟೇ ಉಳಿದಿತ್ತು. ಉಳಿದೆಲ್ಲವನ್ನೂ ಓದುವ ಮುನ್ನ ಆದೇಶದ ಪತ್ರದ ಮೇಲಿರುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮೂಲ ನಿಯಮ ಕಠಿಣವಾಗಿದೆ. ಅಮೆರಿಕದ ಕಾನೂನು ಸಂಹಿತೆಯ 38ನೇ ಭಾಗದ 5110ನೇ ಸೆಕ್ಷನ್ ಪ್ರಕಾರ, ಪರಿಹಾರದ ದಿನಾಂಕವು ಅರ್ಜಿ ಇಲಾಖೆಗೆ ತಲುಪಿದ ದಿನಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ. ಇದೇ ಸೆಕ್ಷನ್ನಿನ ಕೆಳಗೆ ರೂಪಿಸಿದ ನಿಯಮ ಇನ್ನೂ ಸ್ಪಷ್ಟವಾಗಿ, ಅರ್ಜಿ ತಲುಪಿದ ದಿನ ಮತ್ತು ಅರ್ಹತೆ ಹುಟ್ಟಿದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅದೇ ಜಾರಿ ದಿನಾಂಕ ಎನ್ನುತ್ತದೆ. ಹಣ ಎಣಿಕೆಯಾಗುವುದು ಆ ದಿನಾಂಕದ ಮುಂದಿನ ತಿಂಗಳ ಮೊದಲ ದಿನದಿಂದ. ನಿಮ್ಮವರು ಆಸ್ಪತ್ರೆಯಲ್ಲಿ ಎಷ್ಟು ಬಾರಿ ಹೇಳಿಕೊಂಡಿದ್ದರೂ ಅದು ಅರ್ಜಿಯಾಗುವುದಿಲ್ಲ. ಮೊದಲು ಸ್ವಲ್ಪ ಸಡಿಲವಿತ್ತು. ಈಗಾಗಲೇ ಮಂಜೂರಾದ ತೊಂದರೆ ಹೆಚ್ಚಿರುವುದನ್ನು ತೋರಿಸುವ ವಿಎ ಆಸ್ಪತ್ರೆಯ ವರದಿಯನ್ನೇ ಅನೌಪಚಾರಿಕ ಅರ್ಜಿಯೆಂದು ಪರಿಗಣಿಸುವ ನಿಯಮ ಇತ್ತು. 2015ರ ಮಾರ್ಚ್ 24ರಿಂದ ಅದನ್ನು ತೆಗೆದುಹಾಕಿದರು. ವೈದ್ಯರಿಗೆ ಹೇಳಿದ್ದು ಇಲಾಖೆಗೆ ಹೇಳಿದಂತೆಯೇ ಎಂದು ನಂಬಿ ವರ್ಷಗಳನ್ನು ಕಳೆದುಕೊಂಡವರ ಪತ್ರಗಳನ್ನು ಓದುವಾಗ ಮನಸ್ಸಿಗೆ ಬಹಳ ಬೇಸರವಾಗುತ್ತದೆ, ಏಕೆಂದರೆ ಸಾಮಾನ್ಯ ಮನುಷ್ಯ ಹಾಗೆಯೇ ನಂಬುವುದು ಸಹಜ. ಆಸ್ಪತ್ರೆಯ ಬಾಗಿಲ ಮೇಲೂ ಪರಿಹಾರದ ಪತ್ರದ ಮೇಲೂ ಇರುವುದು ಒಂದೇ ಇಲಾಖೆಯ ಹೆಸರು.

ಆದರೂ ನಿಮ್ಮ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನರದ ತೊಂದರೆಯನ್ನು, ವೈದ್ಯರು ರೇಡಿಕ್ಯುಲೋಪತಿ ಎನ್ನುವುದನ್ನು, ವಿಎ ನಿಯಮಗಳು ಸೊಂಟದಿಂದ ಪೂರ್ತಿ ಬೇರೆಯಾದ ಕಾಯಿಲೆಯೆಂದು ನೋಡುವುದಿಲ್ಲ. ಬೆನ್ನುಮೂಳೆಯ ರೇಟಿಂಗ್ ಸೂತ್ರದ ಮೊದಲ ಟಿಪ್ಪಣಿಯೇ, ಬೆನ್ನಿನೊಂದಿಗೆ ಕಾಣಿಸಿಕೊಳ್ಳುವ ನರದ ವಸ್ತುನಿಷ್ಠ ದೋಷಗಳಿಗೆ ಪ್ರತ್ಯೇಕವಾಗಿ ರೇಟಿಂಗ್ ಕೊಡಬೇಕು ಎಂದು ಹೇಳುತ್ತದೆ. ಜೊತೆಗೆ, ಅರ್ಜಿದಾರ ಹೆಸರಿಸದಿದ್ದರೂ ಅವನು ಕೇಳಿರುವ ಕಾಯಿಲೆಯಿಂದ ಹುಟ್ಟಿದ ತೊಡಕುಗಳನ್ನು ಅದೇ ಅರ್ಜಿಯಲ್ಲಿ ಪರಿಶೀಲಿಸಬೇಕು ಎಂಬ ನಿಯಮವೂ ಇದೆ. ಹೀಗಾಗಿ 2021ರಲ್ಲಿ ಸೊಂಟಕ್ಕಾಗಿ ಹಾಕಿದ ಅರ್ಜಿಯೊಳಗೆ ಕಾಲಿನ ನರವೂ ಇತ್ತು ಎಂದು ವಾದಿಸಲು ಆಧಾರವಿದೆ. ಆಗ ನಡೆದ ತಪಾಸಣೆಯ ವರದಿಯಲ್ಲಿ ಪರೀಕ್ಷಕರು ಎಡಗಾಲಿನ ಬಗ್ಗೆ ಏನು ಬರೆದಿದ್ದಾರೆ ಎಂಬುದೇ ಇಲ್ಲಿ ನಿರ್ಣಾಯಕ. ಇಲಾಖೆಯ ಬಳಿ ಇರುವ ಸಂಪೂರ್ಣ ಕಡತವನ್ನು, ಅಲ್ಲಿನವರು ಸಿ-ಫೈಲ್ ಎನ್ನುವುದನ್ನು, ಇಂದೇ ಕೇಳಿ ಪಡೆಯಿರಿ. ಆ ವರದಿಯನ್ನು ನೋಡದೆ ಯಾವ ವಕೀಲರೂ ನಿಮಗೆ ಪ್ರಾಮಾಣಿಕವಾದ ಉತ್ತರ ಕೊಡಲಾರರು.

ಇಲ್ಲಿ ಒಂದು ಕಷ್ಟವಿದೆ. 2021ರ ನಿರಾಕರಣೆಯನ್ನು ನೀವು ಒಂದು ವರ್ಷದೊಳಗೆ ಪ್ರಶ್ನಿಸಿಲ್ಲವಾದ್ದರಿಂದ ಅದು ಅಂತಿಮವಾಗಿದೆ. ಅಂತಿಮವಾದ ಆದೇಶದ ದಿನಾಂಕವನ್ನು ಮಾತ್ರ ಬದಲಿಸಿ ಎಂದು ಬಿಡಿಯಾಗಿ ಅರ್ಜಿ ಹಾಕಲು ಬರುವುದಿಲ್ಲವೆಂದು ಅಮೆರಿಕದ ವೆಟರನ್ಸ್ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ರಡ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಉಳಿಯುವ ದಾರಿ, ಆ ಆದೇಶದಲ್ಲಿ ಸ್ಪಷ್ಟವಾದ, ಎರಡು ಮಾತಿಗೆ ಅವಕಾಶವಿಲ್ಲದ ತಪ್ಪು ಆಗಿದೆಯೆಂದು ತೋರಿಸುವುದು. ಆ ದಿನ ಕಡತದಲ್ಲಿದ್ದ ಕಾಗದಗಳಷ್ಟನ್ನೇ ನೋಡುತ್ತಾರೆ, ಆ ದಿನ ಜಾರಿಯಲ್ಲಿದ್ದ ಕಾನೂನನ್ನೇ ಅನ್ವಯಿಸುತ್ತಾರೆ, ಮತ್ತು ಆ ತಪ್ಪು ಆಗದೇ ಇದ್ದಿದ್ದರೆ ಫಲಿತಾಂಶ ಖಂಡಿತವಾಗಿ ಬೇರೆಯಾಗುತ್ತಿತ್ತು ಎಂಬುದು ಸಿದ್ಧವಾಗಬೇಕು. ಸಾಕ್ಷ್ಯವನ್ನು ಬೇರೆ ರೀತಿ ತೂಗಬಹುದಿತ್ತು ಎಂಬ ವಾದ ಸಾಲದು. 2021ರ ವರದಿಯಲ್ಲೇ ಎಡಗಾಲಿನ ರೇಡಿಕ್ಯುಲೋಪತಿಯೆಂದು ಬರೆದಿದ್ದು, ಆದೇಶ ಅದರ ಬಗ್ಗೆ ಮೌನವಾಗಿದ್ದರೆ ನಿಮಗೆ ಗಟ್ಟಿ ನೆಲೆಯಿದೆ. ವರದಿಯಲ್ಲಿ ನರದ ತೊಂದರೆ ಇಲ್ಲವೆಂದು ಬರೆದಿದ್ದರೆ ಆ ದಾರಿಯಲ್ಲಿ ಶ್ರಮ ಹಾಕಬೇಡಿ.

ಇನ್ನು 2024ರ ಆದೇಶದ ವಿಷಯ. ಮಂಜೂರಾದ ಕಾಯಿಲೆ ಉಲ್ಬಣಿಸಿದಾಗ, ಉಲ್ಬಣವಾದದ್ದು ಗೊತ್ತಾಗುವ ದಿನದಿಂದ ಒಂದು ವರ್ಷದೊಳಗೆ ಅರ್ಜಿ ತಲುಪಿದ್ದರೆ ಆ ಉಲ್ಬಣದ ದಿನವನ್ನೇ ಜಾರಿ ದಿನಾಂಕವಾಗಿ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಕಾಲಿನ ನರವನ್ನು ಸೊಂಟದ ತೊಂದರೆಯ ಉಲ್ಬಣವೆಂದು ನೋಡಿದರೆ ಈ ಅವಕಾಶ ನಿಮಗೂ ದೊರಕಬೇಕು ಎಂದು ವಾದಿಸಬಹುದು. ಆಗ 2023ರ ಜೂನ್‌ವರೆಗೆ ಹಿಂದಕ್ಕೆ ಹೋಗುವ ಸಾಧ್ಯತೆ ಇದೆ. ಆದರೆ ಇದರಲ್ಲೊಂದು ಸೂಕ್ಷ್ಮವಿದೆ. ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿಯೇ. ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2010ರಲ್ಲಿ ಗ್ಯಾಸ್ಟನ್ ಪ್ರಕರಣದಲ್ಲಿ ಹೇಳಿರುವಂತೆ, ಉಲ್ಬಣವು ಅರ್ಜಿಗೆ ಹಿಂದಿನ ಆ ಒಂದು ವರ್ಷದ ಒಳಗೇ ಆಗಿರಬೇಕು. ಅದಕ್ಕಿಂತ ಮೊದಲೇ ಆಗಿದ್ದರೆ ಅರ್ಜಿಯ ದಿನವೇ ಗತಿ. ಎಷ್ಟು ಹಿಂದಿನಿಂದ ನೋವಿದೆಯೆಂದು ಹೇಳಿದರೆ ಅಷ್ಟು ಹಿಂದಿನಿಂದ ಹಣ ಬರುತ್ತದೆಂದು ತಿಳಿದು, 2019ರಿಂದಲೂ ಹೀಗೆಯೇ ಇದೆ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ, ಆ ಸಾಲೇ ನಿಮ್ಮ ಒಂದು ವರ್ಷವನ್ನು ಕಿತ್ತುಕೊಳ್ಳುತ್ತದೆ.

ಹಾಗೆಂದು ಸುಳ್ಳು ಬರೆಯಿರಿ ಎಂದು ನಾವು ಹೇಳುತ್ತಿಲ್ಲ. ನರದ ಹಾನಿ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆ ಒಂದೊಂದು ಮೆಟ್ಟಿಲನ್ನೂ ಅದರ ಕಾಲದೊಂದಿಗೆ ಬರೆಯಿರಿ. ಮೊದಮೊದಲು ಬೆರಳಿನ ತುದಿಯಲ್ಲಷ್ಟೇ ಜೋಮು ಇದ್ದದ್ದು ಯಾವಾಗ, ಮೊಣಕಾಲಿನ ಕೆಳಗೆ ಸ್ಪರ್ಶವೇ ತಿಳಿಯದಂತಾದದ್ದು ಯಾವಾಗ, ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗದೆ ಹೋದದ್ದು ಯಾವ ಹಬ್ಬದ ಹೊತ್ತಿಗೆ, ಮೆಟ್ಟಿಲು ಹತ್ತುವಾಗ ಪಾದ ತಡವರಿಸಲು ಶುರುವಾದದ್ದು ಎಂದಿನಿಂದ, ಇವನ್ನೆಲ್ಲ ಹೆಂಡತಿಯಾಗಿ ನೀವು ಬಲ್ಲಿರಿ. ಕಣ್ಣಿಗೆ ಕಂಡದ್ದನ್ನು, ಮೈಗೆ ಅನುಭವವಾದದ್ದನ್ನು ಹೇಳಲು ವೈದ್ಯಕೀಯ ಪದವಿ ಬೇಕಿಲ್ಲವೆಂದು ವಿಎ ನಿಯಮಗಳೇ ಒಪ್ಪುತ್ತವೆ; ಅದಕ್ಕಾಗಿ 21-10210 ಸಂಖ್ಯೆಯ ಹೇಳಿಕೆ ಫಾರಂ ಇದೆ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರದ ಭಾಗಶಃ ಹಾನಿಗೆ ಅಲ್ಪ, ಮಧ್ಯಮ, ಮಧ್ಯಮಕ್ಕಿಂತ ತೀವ್ರ ಮತ್ತು ಸ್ನಾಯು ಬಹಳವಾಗಿ ಸೊರಗಿದ ತೀವ್ರ ಎಂಬ ನಾಲ್ಕು ಹಂತಗಳಿದ್ದು, ಕ್ರಮವಾಗಿ ಶೇಕಡಾ 10, 20, 40 ಮತ್ತು 60 ಸಿಗುತ್ತದೆ; ಪೂರ್ಣ ಪಾರ್ಶ್ವವಾಯುವಿಗೆ 80. ಕೇವಲ ಸಂವೇದನೆಯ ನಷ್ಟವಿದ್ದರೆ ಅಲ್ಪ ಅಥವಾ ಹೆಚ್ಚೆಂದರೆ ಮಧ್ಯಮ ಹಂತ. ಒಂದೇ ಅರ್ಜಿಯೊಳಗೆ ಬೇರೆ ಬೇರೆ ಅವಧಿಗೆ ಬೇರೆ ಬೇರೆ ಹಂತಗಳನ್ನು ಕೊಡಬಹುದೆಂದು 1999ರ ಫೆಂಡರ್ಸನ್ ತೀರ್ಪು ಮತ್ತು 2007ರ ಹಾರ್ಟ್ ತೀರ್ಪು ಹೇಳಿವೆ.

2024ರ ಮಾರ್ಚಿನ ಪರೀಕ್ಷೆಯ ದಿನಾಂಕ ನಿಮಗೆ ಅಡ್ಡಿಯೂ ಅಲ್ಲ, ಆಸರೆಯೂ ಅಲ್ಲ. ಅರ್ಹತೆ ಹುಟ್ಟುವುದು ಕಾಯಿಲೆ ಬಂದಾಗ, ಯಂತ್ರ ಅದನ್ನು ಅಳೆದಾಗ ಅಲ್ಲ. ಪರೀಕ್ಷೆಗೆ ಕಾದು ಅರ್ಜಿಯನ್ನು ತಡ ಮಾಡಿದ್ದರಿಂದಲೇ ನಿಮ್ಮ ವರ್ಷಗಳು ಹೋದವು ಎಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. ಈಗ ಉಳಿದ ಅವಧಿಯಲ್ಲಿ, ಹೊಸ ಸಾಕ್ಷ್ಯ ಕೊಡುವುದಿದ್ದರೆ ಸಪ್ಲಿಮೆಂಟಲ್ ಕ್ಲೇಮ್, ಕಡತದಲ್ಲಿರುವುದನ್ನೇ ಮೇಲಿನ ಅಧಿಕಾರಿ ಮತ್ತೆ ನೋಡಲಿ ಎಂದಾದರೆ ಹೈಯರ್ ಲೆವೆಲ್ ರಿವ್ಯೂ, ಇಲ್ಲವೇ ನೇರವಾಗಿ ಮೇಲ್ಮನವಿ ಮಂಡಳಿ, ಈ ಮೂರರಲ್ಲಿ ಒಂದನ್ನು ಆಯ್ದುಕೊಳ್ಳಿ. 2019ರ ಫೆಬ್ರವರಿ 19ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಪ್ರತಿ ಆದೇಶದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡುತ್ತಾ ಹೋದರೆ ಮೂಲ ಅರ್ಜಿಯ ದಿನಾಂಕ ಕೈತಪ್ಪುವುದಿಲ್ಲ. ನಿಮ್ಮ ಹೇಳಿಕೆ ಹೊಸ ಸಾಕ್ಷ್ಯವಾದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದೇ ಸೂಕ್ತ.

ಪ್ರಶ್ನೆ: ನಾನು ಮದುವೆಯಾಗಿರುವುದು ಅಮೆರಿಕನ್ನರನ್ನು. ನಮ್ಮ ಮಾವ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಥಾಯ್ಲೆಂಡಿನ ಒಂದು ವಾಯುನೆಲೆಯಲ್ಲಿದ್ದರು. 2008ರಿಂದ ಸಕ್ಕರೆ ಕಾಯಿಲೆ ಇದೆ. 2012ರಲ್ಲಿ ಅರ್ಜಿ ಹಾಕಿದಾಗ ವಿಯೆಟ್ನಾಮಿನಲ್ಲಿ ಕಾಲಿಟ್ಟಿಲ್ಲ ಎಂದು ತಳ್ಳಿಹಾಕಿದರು. ಈಗ ಎರಡೂ ಅಂಗಾಲು ರಾತ್ರಿಯಿಡೀ ಉರಿಯುತ್ತವೆ. ಹೊಸ ಕಾನೂನು ಬಂದಿದೆಯೆಂದು ಕೇಳಿದೆ. ಯಾವ ದಿನದಿಂದ ಸಿಗಬಹುದು? – ಸೊಸೆ, ಓಹಾಯೊ

ಉತ್ತರ: ನೀವು ಕೇಳಿದ್ದು ಪ್ಯಾಕ್ಟ್ ಆ್ಯಕ್ಟ್ ಬಗ್ಗೆ. 2022ರ ಆಗಸ್ಟ್ 10ರಂದು ಅದಕ್ಕೆ ಸಹಿ ಬಿತ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಮೈಯೊಡ್ಡಿದರೆಂದು ಇಲಾಖೆ ತಾನಾಗಿಯೇ ಒಪ್ಪಬೇಕಾದ ಸ್ಥಳಗಳ ಪಟ್ಟಿಗೆ ಅದು ಥಾಯ್ಲೆಂಡಿನ ಎಲ್ಲ ಅಮೆರಿಕನ್ ಮತ್ತು ಥಾಯ್ ಸೇನಾನೆಲೆಗಳನ್ನು ಸೇರಿಸಿತು. ಅವಧಿ 1962ರ ಜನವರಿ 9ರಿಂದ 1976ರ ಜೂನ್ 30. ಟೈಪ್ 2 ಮಧುಮೇಹ ಆ ಕಳೆನಾಶಕದ ಫಲವೆಂದು ಒಪ್ಪಿದ ಕಾಯಿಲೆಗಳಲ್ಲಿ 2001ರಿಂದಲೇ ಇದೆ. ಆದ್ದರಿಂದ ನಿಮ್ಮ ಮಾವನವರಿಗೆ 2012ರಲ್ಲಿ ಮುಚ್ಚಿದ ಬಾಗಿಲು ಈಗ ತೆರೆದಿದೆ.

ಅಂಗಾಲಿನ ಉರಿಗೆ ಎರಡು ದಾರಿಗಳು ಕಾಣುತ್ತವೆ, ಅವುಗಳಲ್ಲಿ ಒಂದು ಕುರುಡು ಗಲ್ಲಿ. ಏಜೆಂಟ್ ಆರೆಂಜ್ ಪಟ್ಟಿಯಲ್ಲಿ ನರದ ಕಾಯಿಲೆಯ ಹೆಸರನ್ನು ಕಂಡ ಕೂಡಲೇ ಹಲವರು ಅದನ್ನೇ ಹಿಡಿದು ಅರ್ಜಿ ಬರೆಯುತ್ತಾರೆ. ಆದರೆ ಪಟ್ಟಿಯಲ್ಲಿರುವುದು ಬೇಗನೆ ಕಾಣಿಸಿಕೊಳ್ಳುವ ನರದ ಕಾಯಿಲೆ ಮಾತ್ರ. ಕಳೆನಾಶಕದ ಕೊನೆಯ ಸಂಪರ್ಕದಿಂದ ಒಂದು ವರ್ಷದೊಳಗೆ ಅದು ಶೇಕಡಾ 10ರ ಮಟ್ಟದಲ್ಲಿ ಕಾಣಿಸಿಕೊಂಡಿರಬೇಕು. ಎರಡು ವರ್ಷದಲ್ಲಿ ವಾಸಿಯಾಗಿರಬೇಕು ಎಂದಿದ್ದ ಇನ್ನೊಂದು ವಿಚಿತ್ರ ಷರತ್ತನ್ನು 2013ರ ಸೆಪ್ಟೆಂಬರಿನಲ್ಲಿ ತೆಗೆದರು, ಆ ಒಂದು ವರ್ಷದ ಷರತ್ತು ಉಳಿಯಿತು. ಅರ್ಧ ಶತಮಾನದ ನಂತರ ಶುರುವಾದ ಉರಿಗೆ ಆ ದಾರಿ ಒದಗುವುದಿಲ್ಲ.

ಸರಿಯಾದ ದಾರಿ ಸಕ್ಕರೆ ಕಾಯಿಲೆಯ ಮೂಲಕ ಹೋಗುತ್ತದೆ. ಮಧುಮೇಹದ ರೇಟಿಂಗ್ ನಿಯಮದಲ್ಲೇ, ಪರಿಹಾರಕ್ಕೆ ಅರ್ಹವಾದ ತೊಡಕುಗಳಿಗೆ ಪ್ರತ್ಯೇಕ ರೇಟಿಂಗ್ ಕೊಡಬೇಕೆಂದಿದೆ. ಎರಡೂ ಕಾಲುಗಳಿಗೆ ಬೇರೆ ಬೇರೆಯಾಗಿ ರೇಟಿಂಗ್ ಆಗುತ್ತದೆ, ಮತ್ತು ಎರಡೂ ಕಾಲುಗಳಲ್ಲಿ ತೊಂದರೆಯಿದ್ದಾಗ ಅವೆರಡರ ಒಟ್ಟು ರೇಟಿಂಗಿಗೆ ಅದರ ಹತ್ತನೇ ಒಂದು ಭಾಗವನ್ನು ಸೇರಿಸುವ ನಿಯಮವೂ ಇದೆ. ಸಪ್ಲಿಮೆಂಟಲ್ ಕ್ಲೇಮ್ ಹಾಕುವಾಗ ಮಧುಮೇಹವನ್ನು ಬರೆದು, ಅದರಿಂದ ಎರಡೂ ಕಾಲಿನ ನರಗಳಿಗೆ ಹಾನಿಯಾಗಿದೆ ಎಂದು ಹೆಸರಿಸಿಯೇ ಕೇಳಿ. ಇಲಾಖೆ ತಾನಾಗಿ ನೋಡಬೇಕೆಂಬ ನಿಯಮವಿದ್ದರೂ, ಬರೆದಿದ್ದನ್ನು ಮರೆಯುವುದು ಬರೆಯದಿದ್ದುದನ್ನು ಮರೆಯುವಷ್ಟು ಸುಲಭವಲ್ಲ.

ದಿನಾಂಕದ ಲೆಕ್ಕ ಹೀಗಿದೆ. ಹೊಸ ಕಾನೂನಿನಿಂದ ಅರ್ಹತೆ ಹುಟ್ಟಿದಾಗ, ಕಾನೂನು ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಿದವರಿಗೆ ಕಾನೂನಿನ ದಿನದಿಂದಲೇ ಪರಿಹಾರ ಸಿಗುತ್ತದೆ. ಪ್ಯಾಕ್ಟ್ ಆ್ಯಕ್ಟಿಗೆ ಈ ಗಡುವನ್ನು 2023ರ ಆಗಸ್ಟ್ 14ರವರೆಗೆ ವಿಸ್ತರಿಸಿದ್ದರು, ಅದು ಕಳೆದುಹೋಗಿದೆ. ಆದರೆ ಗಡುವು ಮೀರಿದವರಿಗೂ ಒಂದು ಉಳಿಕೆಯಿದೆ, ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ: ಕಾನೂನು ಬಂದ ದಿನವೇ ಅರ್ಹತೆಯ ಎಲ್ಲ ಅಂಶಗಳೂ ಇದ್ದು, ಅಂದಿನಿಂದ ಎಡೆಬಿಡದೆ ಮುಂದುವರಿದಿದ್ದರೆ, ಅರ್ಜಿ ತಲುಪಿದ ದಿನಕ್ಕಿಂತ ಒಂದು ವರ್ಷ ಹಿಂದಕ್ಕೆ ಪರಿಹಾರ ಕೊಡಬಹುದು. ಮಾವನವರಿಗೆ ಮಧುಮೇಹ 2008ರಿಂದಲೇ ಇರುವುದರಿಂದ ಅದಕ್ಕೆ ಈ ಒಂದು ವರ್ಷವನ್ನು ಕೇಳಲೇಬೇಕು. ಕಾಲಿನ ನರಕ್ಕೂ ಅದು ಸಿಗಬೇಕಾದರೆ 2022ರ ಆಗಸ್ಟಿನ ಹೊತ್ತಿಗೆ ಉರಿ ಶುರುವಾಗಿತ್ತು ಎಂಬುದಕ್ಕೆ ಏನಾದರೂ ಆಧಾರ ಬೇಕು. ಆ ಕಾಲದ ಔಷಧಿ ಚೀಟಿ, ಪಾದದ ತಪಾಸಣೆಯ ಟಿಪ್ಪಣಿ, ಮನೆಯವರ ಹೇಳಿಕೆ, ಯಾವುದಿದ್ದರೂ ಹುಡುಕಿಡಿ.

2012ರ ಹಳೆಯ ಅರ್ಜಿಯಲ್ಲಿ ಅವರು ಕಾಲಿನ ಬಗ್ಗೆಯೂ ಬರೆದಿದ್ದರೇ ಎಂದು ನೋಡುವುದು ಒಳ್ಳೆಯದು. ನರ ಮತ್ತು ಸಕ್ಕರೆ ಕಾಯಿಲೆಯ ಸಂಬಂಧ ತಲೆಕೆಳಗಾಗಿಯೂ ಕೆಲಸ ಮಾಡಬಲ್ಲದು ಎಂಬುದಕ್ಕೆ 2011ರ ಡಿಲಿಸಿಯೊ ತೀರ್ಪು ಸಾಕ್ಷಿ. ನರದ ತೊಂದರೆಗೆ ಹಾಕಿದ ಅರ್ಜಿ ಇನ್ನೂ ಬಾಕಿಯಿರುವಾಗಲೇ, ಅದಕ್ಕೆ ಕಾರಣ ಮಧುಮೇಹವೆಂದು ತಿಳಿದುಬಂದರೆ, ಮಧುಮೇಹಕ್ಕೂ ಆ ನರದ ಅರ್ಜಿಯ ದಿನಾಂಕವೇ ಸಲ್ಲಬಹುದು ಎಂಬುದು ಅದರ ಸಾರ. ನಿಮ್ಮವರ 2012ರ ಆದೇಶ ಅಂತಿಮವಾಗಿರುವುದರಿಂದ ಈ ತೀರ್ಪು ನೇರವಾಗಿ ಹೊಂದುವುದಿಲ್ಲ. ಆದರೆ ಹಳೆಯ ಅರ್ಜಿ ತೀರ್ಮಾನವೇ ಆಗದೆ ಉಳಿದಿರುವ ಬೇರೆ ಓದುಗರು ಇದನ್ನು ಗಮನಿಸಲಿ ಎಂದು ಇಲ್ಲಿ ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಸೇನೆಯಲ್ಲಿದ್ದಾನೆ, ಇನ್ನು ನಾಲ್ಕು ತಿಂಗಳಿಗೆ ಬಿಡುಗಡೆ. ತರಬೇತಿಯಲ್ಲಿ ಬಲಮೊಣಕೈಗೆ ಪೆಟ್ಟುಬಿದ್ದು ಕಿರುಬೆರಳು, ಉಂಗುರಬೆರಳು ಮರಗಟ್ಟಿವೆ. ಈಗಲೇ ಅಂಗವಿಕಲ ಎಂದು ಬರೆಸಿಕೊಂಡರೆ ಮುಂದೆ ಕೆಲಸ ಸಿಗುವುದಿಲ್ಲ, ಕೆಲಸಕ್ಕೆ ಸೇರಿದ ಮೇಲೆ ನೋಡೋಣ ಎನ್ನುತ್ತಾನೆ. ಏನು ಹೇಳಲಿ? – ನಿವೃತ್ತ ಶಿಕ್ಷಕ, ಹಾಸನ

ಉತ್ತರ: ಮೇಷ್ಟ್ರೇ, ಮಗನಿಗೆ ಈ ವಾರವೇ ಫೋನು ಮಾಡಿ. ಬಿಡುಗಡೆಗೆ 180ರಿಂದ 90 ದಿನಗಳು ಉಳಿದಿರುವಾಗಲೇ ಅರ್ಜಿ ಹಾಕುವ ವ್ಯವಸ್ಥೆಯೊಂದು ವಿಎಯಲ್ಲಿದೆ; ನಾಲ್ಕು ತಿಂಗಳೆಂದರೆ ಅವನು ಈಗ ಆ ಅವಧಿಯ ಒಳಗಿದ್ದಾನೆ, ಇನ್ನೊಂದು ತಿಂಗಳಲ್ಲಿ ಹೊರಬೀಳುತ್ತಾನೆ. ಅದು ತಪ್ಪಿದರೂ, ಬಿಡುಗಡೆಯಾದ ಒಂದು ವರ್ಷದೊಳಗೆ ಅರ್ಜಿ ತಲುಪಿದರೆ ಬಿಡುಗಡೆಯ ಮರುದಿನದಿಂದಲೇ ಪರಿಹಾರ ಲೆಕ್ಕವಾಗುತ್ತದೆ. ಆ ಒಂದು ವರ್ಷ ದಾಟಿದರೆ ಅರ್ಜಿಯ ದಿನದಿಂದ ಮಾತ್ರ.

ಈ ಒಂದು ವರ್ಷ ಎಷ್ಟು ಬಿಗಿಯೆಂಬುದನ್ನು 2023ರ ಜನವರಿ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದೆ. ಅಡಾಲ್ಫೊ ಅರೆಯಾನೊ ಎಂಬ ನೌಕಾಪಡೆಯ ಮಾಜಿ ಯೋಧರು 1981ರಲ್ಲಿ ಬಿಡುಗಡೆಯಾಗಿ, ಸುಮಾರು ಮೂವತ್ತು ವರ್ಷಗಳ ನಂತರ, 2011ರಲ್ಲಿ ಅರ್ಜಿ ಹಾಕಿದರು. ತಮ್ಮ ಮಾನಸಿಕ ಕಾಯಿಲೆಯೇ ತಮ್ಮನ್ನು ಅರ್ಜಿ ಹಾಕದಂತೆ ತಡೆಯಿತು, ಆದ್ದರಿಂದ ಆ ಗಡುವನ್ನು ಸಡಿಲಿಸಬೇಕು ಎಂಬುದು ಅವರ ಮನವಿ. ಕಾಯಿಲೆ ನಿಜ, ಸೇವೆಯೊಂದಿಗಿನ ಸಂಬಂಧವೂ ನಿಜ, ಆದರೂ ಸಂಸತ್ತು ಬರೆದ ವಿನಾಯಿತಿಗಳ ಹೊರಗೆ ಹೊಸದನ್ನು ಸೇರಿಸಲಾಗದೆಂದು ನ್ಯಾಯಾಲಯ ನಿರಾಕರಿಸಿತು. ಅಷ್ಟು ಗಂಭೀರವಾದ ಕಾರಣವಿದ್ದವರಿಗೇ ಸಿಗದ ರಿಯಾಯಿತಿ, ಕೆಲಸಕ್ಕೆ ಸೇರಿದ ಮೇಲೆ ನೋಡೋಣ ಎಂದವರಿಗೆ ಸಿಗಲಾರದು.

ಮಗನ ಅಳುಕು ನಮಗೆ ಅರ್ಥವಾಗುತ್ತದೆ. ಕೈಯೊಡ್ಡಿ ಕೇಳಬಾರದು ಎಂದು ಬೆಳೆಸಿದ ಮನೆಗಳ ಮಕ್ಕಳಿಗೆ ಈ ಸಂಕೋಚ ಹೆಚ್ಚು. ಆದರೆ ಇದು ದಾನವಲ್ಲ. ಸೇವೆಯಲ್ಲಿ ಕಳೆದುಕೊಂಡ ಕೈಬಲಕ್ಕೆ ಕೊಡಬೇಕಾದ ಬಾಕಿ. ಪರಿಹಾರ ಪಡೆಯುತ್ತಲೇ ಪೂರ್ಣಾವಧಿ ಕೆಲಸ ಮಾಡುವವರು ಅಲ್ಲಿ ಬಹಳಷ್ಟು ಮಂದಿ ಇದ್ದಾರೆ. ಅರ್ಜಿಯಲ್ಲಿ ಅವನು ಬಲಗೈ ಬಳಸುವವನು ಎಂಬುದನ್ನು ದಾಖಲಿಸುವುದನ್ನು ಮರೆಯದಿರಲಿ. ಕಿರುಬೆರಳಿಗೆ ಹೋಗುವ ಅಲ್ನಾರ್ ನರದ ಮಧ್ಯಮ ಹಾನಿಗೆ ಬಳಸುವ ಕೈಯಾದರೆ ಶೇಕಡಾ 30, ಇನ್ನೊಂದು ಕೈಯಾದರೆ 20.

ಪ್ರಶ್ನೆ: ಅಮೆರಿಕದ ಸೇನೆಯಿಂದ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿದ್ದೇನೆ. ಇಲ್ಲಿಂದ ಅರ್ಜಿ ಹಾಕಬಹುದೇ? ಅಂಚೆಗೆ ಹಾಕಿದ ದಿನ ಲೆಕ್ಕಕ್ಕೆ ಬರುತ್ತದೆಯೇ? – ಓದುಗ, ಮೈಸೂರು

ಉತ್ತರ: ಹಾಕಬಹುದು. ಭಾರತದಲ್ಲಿರುವವರ ಅರ್ಜಿಗಳನ್ನು ಪಿಟ್ಸ್‌ಬರ್ಗ್ ಕಚೇರಿ ನೋಡುತ್ತದೆ. ಲೆಕ್ಕಕ್ಕೆ ಬರುವುದು ತಲುಪಿದ ದಿನ, ಆದ್ದರಿಂದ ಅಂಚೆಯನ್ನು ನಂಬಬೇಡಿ. ಇಂಟೆಂಟ್ ಟು ಫೈಲ್ ಎಂಬ, ಅಂದರೆ ಅರ್ಜಿ ಹಾಕುವ ಉದ್ದೇಶವಿದೆ ಎಂದು ತಿಳಿಸುವ ಪುಟ್ಟ ಫಾರಂ ಇದೆ, ಸಂಖ್ಯೆ 21-0966. ಅದು ತಲುಪಿದ ದಿನದಿಂದ ಒಂದು ವರ್ಷದೊಳಗೆ ಪೂರ್ಣ ಅರ್ಜಿ ಸಲ್ಲಿಸಿದರೆ, ಆ ಮೊದಲ ದಿನವೇ ನಿಮ್ಮ ಅರ್ಜಿಯ ದಿನವಾಗುತ್ತದೆ. ವಿಎ ಜಾಲತಾಣದಲ್ಲಿ ಲಾಗಿನ್ ಆಗಿ ಅರ್ಜಿಯನ್ನು ತುಂಬಲು ಶುರುಮಾಡಿದರೂ ಅಷ್ಟೇ ಫಲ. ಮೈಸೂರಿನಲ್ಲಿ ನರದ ಪರೀಕ್ಷೆ ಮಾಡಿಸುವುದು, ಹಳೆಯ ಕಾಗದಗಳನ್ನು ತರಿಸುವುದು, ಎಲ್ಲವೂ ಆಮೇಲೆ ಆಗಲಿ. ಇಲ್ಲಿನ ಆಸ್ಪತ್ರೆಯ ವರದಿಯೂ ಸಾಕ್ಷ್ಯವಾಗಿ ಸಲ್ಲುತ್ತದೆ. ಆದರೆ ವರ್ಷ ಕಳೆಯುವುದರೊಳಗೆ ಪೂರ್ಣ ಅರ್ಜಿ ಹೋಗದಿದ್ದರೆ ಆ ದಿನಾಂಕ ಸತ್ತುಹೋಗುತ್ತದೆ, ಹೊಸದಾಗಿ ಎಣಿಸಬೇಕಾಗುತ್ತದೆ.

ಪ್ರಶ್ನೆ: ನರದ ಹಾನಿಯ ಅರ್ಜಿ ವಿಚಾರಣೆಯಲ್ಲಿರುವಾಗಲೇ ನನ್ನ ಪತಿ ತೀರಿಕೊಂಡರು. ಅರ್ಜಿಯೂ ಅವರೊಂದಿಗೇ ಮುಗಿಯಿತೇ? – ಓದುಗಳು, ಕ್ಯಾಲಿಫೋರ್ನಿಯಾ

ಉತ್ತರ: ಮುಗಿಯಲಿಲ್ಲ. ಅವರು ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ, ಅವರ ಸ್ಥಾನದಲ್ಲಿ ನಿಂತು ಅರ್ಜಿಯನ್ನು ಮುಂದುವರಿಸುತ್ತೇನೆಂದು ನೀವು ಕೇಳಿಕೊಳ್ಳಬಹುದು. ಆಗ ಅವರು ಅರ್ಜಿ ಹಾಕಿದ ದಿನಾಂಕ ಹಾಗೆಯೇ ಉಳಿಯುತ್ತದೆ, ಹೊಸ ಸಾಕ್ಷ್ಯವನ್ನೂ ಸೇರಿಸಬಹುದು. ಸೇವೆಗೆ ಸಂಬಂಧಿಸಿದ ಕಾಯಿಲೆಯೇ ಸಾವಿಗೆ ಕಾರಣವಾಗಿದ್ದರೆ ಸಂಗಾತಿಗೆ ಸಿಗುವ ಪ್ರತ್ಯೇಕ ಮಾಸಿಕ ನೆರವಿಗೂ, ಅದೇ ಒಂದು ವರ್ಷದೊಳಗೆ ಕೇಳಿದರೆ, ಸಾವು ಸಂಭವಿಸಿದ ತಿಂಗಳ ಮೊದಲ ದಿನವೇ ಜಾರಿ ದಿನಾಂಕವಾಗುತ್ತದೆ. ದುಃಖದ ಈ ದಿನಗಳಲ್ಲಿ ಕಾಗದಪತ್ರ ನೋಡುವುದು ಕಷ್ಟವೆಂದು ಬಲ್ಲೆವು. ಮಾನ್ಯತೆ ಪಡೆದ ವೆಟರನ್ಸ್ ಸೇವಾ ಸಂಘಗಳ ಪ್ರತಿನಿಧಿಗಳು ಹಣ ತೆಗೆದುಕೊಳ್ಳದೆ ಈ ಕೆಲಸ ಮಾಡಿಕೊಡುತ್ತಾರೆ. ಮೊದಲ ಆದೇಶ ಬರುವ ಮುನ್ನವೇ ಶುಲ್ಕ ಕೇಳುವವರು ಬಂದರೆ ದೂರವಿಡಿ, ಕಾನೂನು ಅದಕ್ಕೆ ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ತಂದೆ ಭಾರತೀಯ ಸೇನೆಯಲ್ಲಿದ್ದು ಬೆನ್ನಿನ ಪೆಟ್ಟಿನಿಂದ ಕಾಲಿನ ನರ ಕುಗ್ಗಿ, ವೈದ್ಯಕೀಯ ಕಾರಣದಿಂದಲೇ ಮನೆಗೆ ಬಂದವರು. ಹದಿನೈದು ವರ್ಷವಾದರೂ ಅಂಗವೈಕಲ್ಯ ಪಿಂಚಣಿ ಕೇಳಿಲ್ಲ. ಅಮೆರಿಕದಂತೆ ಇಲ್ಲಿಯೂ ಅರ್ಜಿಯ ದಿನದಿಂದಲೇ ಕೊಡುವುದೇ? – ಓದುಗ, ಕೊಡಗು

ಉತ್ತರ: ಇಲ್ಲಿನ ಲೆಕ್ಕ ಬೇರೆ, ಸ್ವಲ್ಪ ಉದಾರವೂ ಹೌದು. ಅಂಗವೈಕಲ್ಯವು ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು, ಮತ್ತು ಶೇಕಡಾ 20ಕ್ಕೆ ಕಡಿಮೆಯಿರಬಾರದು ಎಂಬುದು ಮೊದಲ ಷರತ್ತು. ಸೇನೆಗೆ ಸೇರುವಾಗ ದಾಖಲೆಯಲ್ಲಿ ದೋಷವೇನೂ ಬರೆದಿರದಿದ್ದರೆ, ಆಗ ಆರೋಗ್ಯವಾಗಿದ್ದರೆಂದೇ ಭಾವಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ತಡವಾದದ್ದರ ಬಗ್ಗೆ 2008ರ ತರ್ಸೆಮ್ ಸಿಂಗ್ ತೀರ್ಪು ದಾರಿ ತೋರಿಸುತ್ತದೆ. 1983ರಲ್ಲಿ ವೈದ್ಯಕೀಯ ಕಾರಣಕ್ಕೆ ಸೇನೆಯಿಂದ ಹೊರಬಂದು 1999ರಲ್ಲಿ ಹೈಕೋರ್ಟಿಗೆ ಹೋದವರ ಪ್ರಕರಣ ಅದು. ಪಿಂಚಣಿ ಕೊಡದಿರುವುದು ತಿಂಗಳು ತಿಂಗಳೂ ಮುಂದುವರಿಯುವ ತಪ್ಪಾದ್ದರಿಂದ ತಡವಾಯಿತೆಂದು ಹಕ್ಕನ್ನೇ ತಳ್ಳಿಹಾಕುವಂತಿಲ್ಲ, ಆದರೆ ಬಾಕಿ ಹಣವು ನ್ಯಾಯಾಲಯಕ್ಕೆ ಹೋದ ದಿನಕ್ಕಿಂತ ಮೂರು ವರ್ಷ ಹಿಂದಿನವರೆಗೆ ಮಾತ್ರ ಸಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. ಅಂದರೆ ಮುಂದಿನ ಪಿಂಚಣಿಯನ್ನು ಹದಿನೈದು ವರ್ಷದ ನಂತರವೂ ಕೇಳಬಹುದು, ಆದರೆ ಈಗ ಕಳೆಯುವ ಪ್ರತಿ ತಿಂಗಳೂ ಹಿಂದಿನ ಬಾಕಿಯಲ್ಲಿ ಒಂದು ತಿಂಗಳನ್ನು ಅಳಿಸುತ್ತಿದೆ. ಬಿಡುಗಡೆಯ ಹೊತ್ತಿನ ವೈದ್ಯಕೀಯ ಮಂಡಳಿಯ ವರದಿ ಮತ್ತು ಡಿಸ್ಚಾರ್ಜ್ ಪುಸ್ತಕವನ್ನು ತೆಗೆದುಕೊಂಡು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ತಂದೆಯವರ ಸೇವಾ ದಾಖಲೆಗಳಿರುವ ಸೇನೆಯ ರೆಕಾರ್ಡ್ ಕಚೇರಿಗೆ ಬರೆಯುವ ಅರ್ಜಿಗೆ ನೆರವು ಕೇಳಿ. ಅರ್ಜಿಯ ಪ್ರತಿಯೊಂದಕ್ಕೆ ತಾರೀಖು ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹಿಂದಿರುಗಿ. ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ, 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂದೆ ಹೋಗಲು ಆ ಪ್ರತಿ ನಿಮಗೆ ಬೇಕಾಗುತ್ತದೆ.